ಹಗರಿ ದಂಡೆಯ ನಾಲ್ಕು ಮೊಟ್ಟೆ

ರಾಯದುರ್ಗದಲ್ಲಿ ನಾನು ಜೀನ್ಸ್ ಪ್ಯಾಂಟುಗಳಿಗೆ ಜೇಬು ಹೊಲಿಯುತ್ತಿದ್ದ ಕಾಲವದು. ಆರು ವರ್ಷದ ಮಗಳು ಕಣೇಕಲ್ಲು ಕಡೆಯ ಹಳ್ಳಿಯಲ್ಲಿ ನನ್ನ ಅವ್ವನ ಹತ್ತಿರ ಬೆಳೆಯುತ್ತಿದ್ದಳು. ಭಾನುವಾರ ಬಸ್ಸಿಳಿದರೆ ಹಗರಿ ಹೊಳೆಯ ದಂಡೆಗುಂಟ ಅರ್ಧ ಗಂಟೆ ನಡಿಗೆ. ಮಗಳು ಅರ್ಧ ದಾರಿಗೆ ಬಂದು ನಿಂತಿರುತ್ತಿದ್ದಳು. ನನ್ನನ್ನು ಹೇಗಿದ್ದೀಯ ಎಂದು ಕೇಳುತ್ತಿರಲಿಲ್ಲ; ಹೊಳೆಯ ಮಡುವಿನ ಸುದ್ದಿಯೇ ಮೊದಲು. ಜಂಬುಹುಲ್ಲಿನಲ್ಲಿ ನೀರುಕೋಳಿ ಮರಿ ಮಾಡಿದೆಯಂತೆ, ಮಿಂಚುಳ್ಳಿ ದಂಡೆಯ ಮಣ್ಣಲ್ಲಿ ತೂತು ಕೊರೆದಿದೆಯಂತೆ. ವಾರಪೂರ್ತಿ ಮೆಷಿನ್ನಿನ ಸದ್ದು ಕೇಳಿದ ಕಿವಿಗೆ ಅದು ಹಿತವಾಗಿರುತ್ತಿತ್ತು.

ಅಂಥ ಒಂದು ಭಾನುವಾರ ಟಿಟ್ಟಿಭ ಹಕ್ಕಿಯ ನಾಲ್ಕು ಮೊಟ್ಟೆ ತೋರಿಸಿದಳು. ಗೂಡೆಂಬುದೇ ಇಲ್ಲ, ಮರಳಿನ ಮೇಲೆ ಕಲ್ಲುಗಳ ನಡುವೆ ಬಯಲಲ್ಲೇ ಇದ್ದವು. ಸಂಜೆ ಕುರಿಹಿಂಡು ಅಲ್ಲೇ ನೀರಿಗಿಳಿಯುತ್ತದೆ. ನಾನು ಸುಮ್ಮನಿರುವವರ ಪೈಕಿಯಲ್ಲ. ಅವ್ವ ಕೌದಿ ಹೊಲಿಯಲೆಂದು ತಂದಿದ್ದ ಜೀನ್ಸ್ ಚಿಂದಿಯ ಗಂಟು ಬಿಚ್ಚಿದೆ. ಜಾಲಿ ಕಡ್ಡಿ ನೆಟ್ಟು, ಮೊಟ್ಟೆಗಳ ಸುತ್ತ ನಾಲ್ಕು ನೀಲಿ ಬಾವುಟ ಕಟ್ಟಿದೆ. ಕುರಿಯವರಿಗೆ ದೂರದಿಂದಲೇ ಕಾಣಲೆಂದು ಉದ್ದನೆಯ ತುಂಡುಗಳನ್ನೇ ಆರಿಸಿದ್ದೆ, ದೊಡ್ಡ ಜಾಣೆಯ ಹಾಗೆ!

ಗಾಳಿಗೆ ಬಟ್ಟೆ ಪಟಪಟ ಬಡಿದುಕೊಂಡಿತು. ಹಕ್ಕಿ ಚೀರುತ್ತಾ ತಲೆಯ ಮೇಲೆ ಸುತ್ತಿತೇ ಹೊರತು ಇಳಿಯಲಿಲ್ಲ. ಬಿಸಿಲೇರುತ್ತಿತ್ತು. ಮೊಟ್ಟೆಗಳು ಕಾದ ಮರಳಲ್ಲೇ ಬೆಂದುಹೋದರೆ? ಗಡಬಡಿಸಿ ಕಡ್ಡಿಗಳನ್ನೆಲ್ಲ ಕಿತ್ತೆ. ಅಷ್ಟರಲ್ಲಿ ಹಕ್ಕಿ ಹೊಳೆ ದಾಟಿ ಹೊರಟೇಹೋಯಿತು.

ಮಗಳು ಸೆರಗು ಹಿಡಿದು ನನ್ನನ್ನು ಜಾಲಿ ಮರದ ಹಿಂದಕ್ಕೆ ಎಳೆದೊಯ್ದಳು.

"ಸುಮ್ನ ಕುಂದ್ರು ಅವ್ವಾ. ಕುರಿಯೋರಿಗೆ ಅಜ್ಜಿ ಮೊನ್ನೇನೇ ಹೇಳ್ಯಾಳ. ಅವರು ಆ ಕಡಿಂದ ಹೊಡ್ಕೊಂಡು ಹೋಗ್ತಾರ."

ನನಗೆ ನಾಚಿಕೆಯಾಯಿತು. "ಅದು ಇನ್ನ ಬರಂಗಿಲ್ಲ ಬಿಡವ್ವಾ. ನಾನೇ ಓಡಿಸಿಬಿಟ್ಟೆ," ಎಂದೆ.

"ಬರ್ತೈತಿ."

"ನಿಂಗ ಹೆಂಗ ಗೊತ್ತು?"

ಹಕ್ಕಿ ಹೋದ ದಿಕ್ಕಿನಿಂದ ಕಣ್ಣು ತೆಗೆಯದೆ ಹೇಳಿದಳು: "ನೀನೂ ಹೋಗ್ತೀಯಲ್ಲ. ಐತ್ವಾರ ಬರಂಗಿಲ್ಲೇನು?"

ಮಗಳನ್ನು ಬಿಟ್ಟು ಹೋದೆನೆಂದು ನಾನು ವಾರವಿಡೀ ಕೊರಗುತ್ತಿದ್ದರೆ, ಅವಳು ನಾನು ಬರುವುದನ್ನಷ್ಟೇ ಲೆಕ್ಕಕ್ಕೆ ಹಿಡಿದಿದ್ದಳು. ನನಗೆ ಅಳು ತಡೆಯಲಾಗಲಿಲ್ಲ. ಸದ್ದು ಮಾಡಬೇಡವೆಂದು ಅವಳು ಪುಟ್ಟ ಕೈಯಿಂದ ನನ್ನ ಬಾಯಿ ಮುಚ್ಚಿದಳು. ತುಸು ದೂರದಲ್ಲಿ ಹಕ್ಕಿ ಇಳಿಯಿತು. ನಿಂತು ನಿಂತು ನಡೆದು ಬಂದು, ಮೊಟ್ಟೆಗಳ ಮೇಲೆ ಕುಳಿತಿತು.