ಗೋಡೆಯ ಮೇಲಿನ ನಾಲ್ಕು

ಸುಣ್ಣ ನೆನೆಹಾಕಿದ ತೊಟ್ಟಿಯಿಂದ ಏಳುವ ಆ ಬಿಸಿ ವಾಸನೆ ಮೂಗಿಗೆ ಬಡಿದರೆ ಸಾಕು, ಬನಶಂಕರಿ ಕಡೆಯ ನಮ್ಮ ಹೆಂಚಿನ ಮನೆ ಕಣ್ಣೆದುರು ಬಂದು ನಿಲ್ಲುತ್ತದೆ. ಪ್ರತಿ ಯುಗಾದಿಗೆ ಮುಂಚೆ ಅವ್ವ ಇಡೀ ಮನೆಗೆ ಸುಣ್ಣ ಬಳಿಯುತ್ತಿದ್ದಳು, ದೇವರ ಗೂಡಿನ ಪಕ್ಕದ ಅಂಗೈ ಅಗಲ ಜಾಗವನ್ನು ಮಾತ್ರ ಬಿಟ್ಟು. ಅಲ್ಲಿ ಇದ್ದಿಲಿನಲ್ಲಿ ಬರೆದ ನಾಲ್ಕು ಅಂಕಿಗಳಿದ್ದವು: ೨೦೩೪. ಅದು ನನ್ನ ಅಕ್ಕ ಸರೋಜಳ ಪಿ.ಯು.ಸಿ. ಪರೀಕ್ಷೆಯ ನಂಬರು.

ಅರವತ್ತರ ದಶಕದ ಮೊದಲ ವರ್ಷಗಳು. ಜಯನಗರದಲ್ಲಿ ಹೊಸ ಮನೆಗಳು ಏಳುತ್ತಿದ್ದವು, ನಮ್ಮ ಹೊಲದಲ್ಲಿ ಇನ್ನೂ ರಾಗಿ ಬೆಳೆಯುತ್ತಿತ್ತು. ನಾನು ಆರನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಗಾರೆ ಕೆಲಸಕ್ಕೆ ಸೇರಿದ್ದೆ. ಅದಕ್ಕೆ ಆಗಲೂ ನಾಚಿಕೆಪಟ್ಟವನಲ್ಲ, ಈಗಲೂ ಇಲ್ಲ. ಅಳತೆ ಟೇಪಿನ ಇಂಗ್ಲಿಷ್ ಅಂಕಿಗಳನ್ನು ನನ್ನಷ್ಟು ಬೇಗ ಓದುವವರು ನಮ್ಮ ಬೀದಿಯಲ್ಲಿ ಯಾರಿದ್ದರು? ಅಕ್ಕನೋ, ಮೊರದಲ್ಲಿ ರಾಗಿ ಕೇರುತ್ತಲೇ ಮನಸ್ಸಿನಲ್ಲಿ ಲೆಕ್ಕ ಬಿಡಿಸುವವಳು. ಅಪ್ಪ ಅವಳಿಗೆ ಒಂದು ಮಾತು ಕೊಟ್ಟಿದ್ದ: "ಫಸ್ಟ್ ಕ್ಲಾಸ್ ಬಂದ್ರೆ ಇನ್ನೂ ಓದು ಮಗಳೇ. ಇಲ್ದಿದ್ರೆ ಹೊಸಕೆರೆಹಳ್ಳಿ ಗಂಡಿಗೆ ಹೂಂ ಅಂತೀನಿ." ಕಾಲೇಜಿನವರೂ ಹಾಗೆಯೇ ಇದ್ದರು. ಬಿ.ಎಸ್ಸಿ. ಸೀಟು ಮಾರ್ಕ್ಸಿನ ಮೇಲೆ. ಫಸ್ಟ್ ಕ್ಲಾಸಿನವರಿಗೆ ಮೊದಲ ಪಂಕ್ತಿ, ಉಳಿದವರು ನೋಟಿಸ್ ಬೋರ್ಡಿನ ಮುಂದೆ ಚಪ್ಪಲಿ ಸವೆಸಬೇಕು. ಕೂಲಿಮಠದಲ್ಲಿ ಕಲಿತ ಅಪ್ಪನಿಗೆ ಇಂಗ್ಲಿಷ್ ಅಂಕಿ ಬರುತ್ತಿರಲಿಲ್ಲ. "ನಂಗೆ ಓದಕ್ಕೆ ಬರೋ ಹಂಗೆ ಗೋಡೆ ಮೇಲೆ ಬರಿ, ದಿನಾ ಕೈ ಮುಗೀತೀನಿ" ಅಂದ. ಅಕ್ಕ ಕನ್ನಡದಲ್ಲಿ ಬರೆದಳು.

ಆ ಕಾಲದಲ್ಲಿ ಫಲಿತಾಂಶ ಬೆಳಗಿನ ಪೇಪರಿನಲ್ಲಿ ಬರುತ್ತಿದ್ದದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ಹೆಸರಿಲ್ಲ, ಮಾರ್ಕ್ಸಿಲ್ಲ, ಸಾಸಿವೆ ಚೆಲ್ಲಿದ ಹಾಗೆ ಬರೀ ನಂಬರು. ಹೋಗಿ ನೋಡಲು ಅಕ್ಕನಿಗೆ ಧೈರ್ಯ ಬರಲಿಲ್ಲ. "ನಾನಿಲ್ವಾ?" ಎಂದು ಗೋಡೆಯಲ್ಲಿದ್ದದ್ದನ್ನು ಒಂದು ಚೀಟಿಗೆ ಇಳಿಸಿಕೊಂಡು ಮುನಿಯಣ್ಣನ ಕ್ಷೌರದಂಗಡಿಗೆ ಓಡಿದೆ. ಊರಿಗೆಲ್ಲ ಅದೊಂದೇ ಪೇಪರು. "ಏನ್ ಮೇಸ್ತ್ರಿ, ಇಟ್ಟಿಗೆ ಲೆಕ್ಕಾನಾ?" ಎಂದು ಅವನು ರೇಗಿಸಿದ. ಮೂರೂ ಕ್ಲಾಸಿನ ಪಟ್ಟಿಗಳಲ್ಲಿ ಬೆರಳಿಟ್ಟು ಹುಡುಕಿದೆ. ನಂಬರು ಇರಲಿಲ್ಲ.

ಸುದ್ದಿ ಕೇಳಿ ಅಪ್ಪ ಟವಲು ಹೆಗಲಿಗೆ ಹಾಕಿಕೊಂಡು ಹೊಸಕೆರೆಹಳ್ಳಿ ದಾರಿ ಹಿಡಿದ. ಅಕ್ಕ ಕೇರಿದ ರಾಗಿಯನ್ನೇ ಮತ್ತೆ ಕೇರುತ್ತ ಕೂತಳು. ಎಷ್ಟೋ ಹೊತ್ತಾದ ಮೇಲೆ, "ಯಾವ ನಂಬರ್ ನೋಡ್ದೆ?" ಅಂದಳು.

"ನಿಂದೇ. ಟೂ ಜೀರೋ ತ್ರೀ ಎಯ್ಟ್," ಎಂದು ಠೀವಿಯಿಂದಲೇ ಹೇಳಿದೆ.

ಮೊರ ನಿಂತಿತು. "ಎಯ್ಟ್ ಅಲ್ಲ ಕಣೋ ಗೂಬೆ! ಅದು ಕನ್ನಡದ ನಾಲ್ಕು!"

ಎರಡು, ಸೊನ್ನೆ, ಮೂರು, ಇವು ಕನ್ನಡ, ಇಂಗ್ಲಿಷ್ ಎರಡೂ ಬರಹದಲ್ಲಿ ಹೆಚ್ಚುಕಡಿಮೆ ಒಂದೇ ಥರ. ಅದೇ ಓಟದಲ್ಲಿ ಕೊನೆಯ ೪ ನನ್ನ ಟೇಪಿನ ಕಣ್ಣಿಗೆ ಎಂಟಾಗಿತ್ತು. ಮತ್ತೆ ಅಂಗಡಿಗೆ ಓಡಿದರೆ, ಮುನಿಯಣ್ಣ ಆಗಲೇ ಪೇಪರು ಹರಿದು ಕತ್ತಿಯ ನೊರೆ ಒರೆಸುತ್ತಿದ್ದ. "ಫೇಲಾದ ನಂಬರ್ನ ಎರಡೆರಡು ಸಲ ಯಾರ್ಲಾ ನೋಡ್ತಾರೆ?" ಅಂದರೂ, ತಾನೇ ಬಗ್ಗಿ ತುಂಡುಗಳನ್ನು ಆರಿಸಿಕೊಟ್ಟ. ಒಂದು ತುಂಡಿನ ನೊರೆ ಸವರಿದಾಗ ಫಸ್ಟ್ ಕ್ಲಾಸಿನ ಸಾಲಿನಲ್ಲಿ 2034 ಕಂಡಿತು. ಬೆಳಿಗ್ಗೆ ನನ್ನ ಬೆರಳು ಅದರ ಮೇಲೆಯೇ ಹಾದುಹೋಗಿತ್ತು.

ಆ ಒದ್ದೆ ತುಂಡು ಹಿಡಿದು ಓಡಿದೆ. ಅಪ್ಪ ಹೊಸಕೆರೆಹಳ್ಳಿ ಕೆರೆ ಏರಿಯ ಮೇಲೆಯೇ ಕೂತಿದ್ದ, ಊರೊಳಗೆ ಹೋಗಿರಲಿಲ್ಲ. "ಹೆಜ್ಜೇನೇ ಏಳ್ಲಿಲ್ಲ ಕಣ್ಲಾ," ಅಂದ. ವಿಷಯ ತಿಳಿದು ಕಾಗದವನ್ನು ಕಣ್ಣಿಗೆ ಒತ್ತಿಕೊಂಡ. ಆಮೇಲೆ ಮನೆಯವರೆಗೂ ಕಣ್ಣೊರೆಸಿಕೊಳ್ಳುತ್ತಲೇ ಬಂದ. "ಸೋಪು ಉರೀತದೆ," ಎನ್ನುತ್ತಿದ್ದ.

ಅಕ್ಕ ಮಾರ್ಕ್ಸ್ ಕಾರ್ಡು ಹಿಡಿದು ಕಾಲೇಜು ಸೇರಿದಳು, ಎಷ್ಟೋ ವರ್ಷ ಮಕ್ಕಳಿಗೆ ಗಣಿತ ಕಲಿಸಿದಳು. ನಾಲ್ಕು ಜನರ ಮುಂದೆ ಒಮ್ಮೆಯೂ ನನ್ನ ಎಂಟನ್ನು ಆಡಿಕೊಳ್ಳಲಿಲ್ಲ. ಹೊಲವೂ ಮನೆಯೂ ಬಡಾವಣೆಗೆ ಹೋದವು. ಊರಿಗೆಲ್ಲ ಗೋಡೆ ಕಟ್ಟಿದವನು ನಾನು. ಮನೆ ಕೆಡವುವ ಮುಂಚೆ ಆ ಅಂಗೈ ಅಗಲದ ಗೋಡೆಯ ಮಣ್ಣನ್ನು ಇಡಿಯಾಗಿ ಬಿಡಿಸಿಕೊಳ್ಳಲು ನನ್ನ ಕೈಲಾಗಲಿಲ್ಲ. ಕರಣೆ ತಾಗಿಸಿದ್ದೇ ತಡ, ಪುಡಿಯಾಗಿ ಉದುರಿತು. ಆಮೇಲೆ ಅಪ್ಪ, ಅವ್ವ ಹೋದರು.

ಅಕ್ಕನ ಕೊನೆಯ ಕಾಗದ ನನ್ನ ಹತ್ತಿರ ಇದೆ. "ನಾಲ್ಕನೇ ತಾರೀಕು ಬಾ, ನಾಲ್ಕು ಗಂಟೆಗೆ ಕಾಯ್ತಿರ್ತೀನಿ." ಫಲಿತಾಂಶದ ಆ ದಿನದಿಂದ ಅವಳು ನನಗೆ ೪ ಎಂದು ಅಂಕಿಯಲ್ಲಿ ಬರೆದದ್ದೇ ಇಲ್ಲ, ಯಾವಾಗಲೂ ಅಕ್ಷರದಲ್ಲೇ. ನಾನು ಮೂರಕ್ಕೇ ಹೋಗಿ ಅವಳ ಮನೆ ಮೆಟ್ಟಿಲ ಮೇಲೆ ಕೂತಿದ್ದೆ. ಬಾಗಿಲು ತೆಗೆದವಳು ಗಡಿಯಾರ ನೋಡಿ ನಕ್ಕಳು:

"ಅಕ್ಷರದಲ್ಲಿ ಬರೆದ್ರೂ ನಿಂಗೆ ನಾಲ್ಕು ಗೊತ್ತಾಗಲ್ವಲ್ಲೋ."