ಅಕ್ಕೋರು ಬರೆಯೆಂದ ಹೆಸರು

ಹೋದ ವಾರ ಐಂಡ್‌ಹೋವನ್ನಿನ ನಮ್ಮ ಅಡುಗೆಮನೆಯಲ್ಲಿ ನೆನೆಸಿದ ಮೆಂತ್ಯ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಚಟ್ನಿ ರುಬ್ಬುತ್ತಿದ್ದೆ. ಮಿಕ್ಸಿಯ ಮುಚ್ಚಳ ತೆಗೆದೊಡನೆ ಎದ್ದ ವಾಸನೆಗೆ ಕೈ ಹಾಗೇ ನಿಂತಿತು. ಅದು ನಮ್ಮ ಗದಗಿನ ಮನೆಯ ವಾಸನೆಯಾಗಿರಲಿಲ್ಲ. ದ ಹೇಗ್‌ನ ಹಳೆಯ ಕಟ್ಟಡವೊಂದರ ಎರಡನೇ ಮಹಡಿ... ಅಲ್ಲಿನ ಮುಚ್ಚಿದ ಬಾಗಿಲು, ಅದರ ಹಿಂದೆ ಉಸಿರು ಬಿಗಿಹಿಡಿದು ನಿಂತಿರುತ್ತಿದ್ದ ಮುದುಕಿ.

ನಾನಾಗ ಪಿಎಚ್.ಡಿ. ಮಾಡುತ್ತಿದ್ದೆ. ಮೈಸೂರಿನ ಗೆಳತಿಯೊಬ್ಬಳ ಜೊತೆ ಮೂರನೇ ಮಹಡಿಯಲ್ಲಿದ್ದೆ. ನಮ್ಮ ಕೆಳಗಿನ ಮನೆಯ ಆ ಮುದುಕಿ ಇಸ್ತಾಂಬುಲ್‌ನ ಆರ್ಮೇನಿಯನ್ ಶಾಲೆಯೊಂದರಲ್ಲಿ ಪಾಠ ಹೇಳಿ, ನಿವೃತ್ತರಾದ ಮೇಲೆ ಮಗಳ ಹಿಂದೆ ಈ ದೇಶಕ್ಕೆ ಬಂದವರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸನ್ನು ಅಕ್ಕೋರು ಅನ್ನುತ್ತೇವೆ ಎಂದು ಹೇಳಿದಾಗ, "ಹಾಗೇ ಕರಿ, ಚೆನ್ನಾಗಿದೆ" ಎಂದು ನಕ್ಕಿದ್ದರು. ಮೆಂತ್ಯದ ಲೇಪವನ್ನು ಅವರ ಜನ ಒಣಮಾಂಸಕ್ಕೆ ಹಚ್ಚುತ್ತಾರಂತೆ. ನಾನು ಮಾಂಸ ತಿನ್ನುವುದಿಲ್ಲವೆಂದು ನನಗೆ ಬರೀ ಲೇಪವನ್ನೇ ಬ್ರೆಡ್ಡಿಗೆ ಸವರಿ ಕೊಡುತ್ತಿದ್ದರು.

ಆದರೆ ಬೆಲ್ ಒತ್ತಿದರೆ ಅವರು ಬಾಗಿಲು ತೆರೆಯುತ್ತಿರಲಿಲ್ಲ. ಮೆಟ್ಟಿಲಲ್ಲಿ ನಿಂತು "ಅಕ್ಕೋರೇ, ನಾನು" ಎಂದು ಕೂಗಬೇಕಿತ್ತು. ಒಮ್ಮೆ ಟ್ರಾಮಿನಲ್ಲಿ ಆರ್ಮೇನಿಯನ್ ಶಬ್ದವೊಂದನ್ನು ಜೋರಾಗಿ ಹೇಳಿ ಅರ್ಥ ಕೇಳಿದೆ. ಅವರು ನನ್ನ ಮಣಿಕಟ್ಟು ಒತ್ತಿ ಹಿಡಿದರು. ಚಿಕ್ಕವರಿದ್ದಾಗ ಬೀದಿಯಲ್ಲಿ ತಾಯಿಯನ್ನು ತಮ್ಮ ಭಾಷೆಯಲ್ಲಿ ಅಮ್ಮಾ ಎಂದು ಕರೆಯಬಾರದಿತ್ತಂತೆ. ಆರ್ಮೇನಿಯನ್ನರೆಂದು ಗೊತ್ತಾದರೆ ಕಷ್ಟ, ಆ ಶಬ್ದ ಮನೆಯೊಳಗೆ ಮಾತ್ರ. ಎಂಬತ್ತರ ಹತ್ತಿರ ಬಂದರೂ, ಯಾರೂ ಕೇಳಿಸಿಕೊಳ್ಳದ ಊರಿಗೆ ಬಂದರೂ, ಆ ಹೆದರಿಕೆ ಅವರನ್ನು ಬಿಟ್ಟಿರಲಿಲ್ಲ.

ನನ್ನ ಅಧ್ಯಯನ ನೂರು ವರ್ಷಕ್ಕೂ ಹಿಂದಿನ ಆರ್ಮೇನಿಯನ್ ಕ್ರಾಂತಿಕಾರರದು. ರಷ್ಯಾ ಚಕ್ರವರ್ತಿಯ ನೆಲದಲ್ಲಿ ಅಚ್ಚಾದ ಕರಪತ್ರ ಪರ್ಷಿಯಾ ದಾಟಿ, ಇಸ್ತಾಂಬುಲ್‌ನಿಂದ ಆಳುತ್ತಿದ್ದ ಉಸ್ಮಾನಿ ಸುಲ್ತಾನನ ಹಳ್ಳಿ ಸೇರುತ್ತಿತ್ತು. ಒಂದೇ ಹಾಳೆಯನ್ನು ಮೂರು ಸಾಮ್ರಾಜ್ಯಗಳ ಪೊಲೀಸರು ಹುಡುಕುತ್ತಿದ್ದರು. ಆಮ್‌ಸ್ಟರ್‌ಡ್ಯಾಮಿನ ದಾಖಲೆ ಸಂಗ್ರಹವೊಂದರಲ್ಲಿ ನನಗೆ ಒಂದು ಕಟ್ಟು ಕಾಗದ ಸಿಕ್ಕಿತು. ಪರ್ಷಿಯಾದ ತಬ್ರೀಜ್‌ನಿಂದ ಬೆಟ್ಟ ಹತ್ತಿ, ಒಣದ್ರಾಕ್ಷಿ ಮೂಟೆಯಲ್ಲಿ ಕರಪತ್ರ ಅಡಗಿಸಿ ಸುಲ್ತಾನನ ನೆಲದ ವಾನ್ ಪಟ್ಟಣದ ಕಡೆಗೆ ಸಾಗಿಸುತ್ತಿದ್ದ ಯುವಕನೊಬ್ಬ ತಂಗಿಗೆ ಬರೆದವು. ಅಚ್ಚಿನ ಅಕ್ಷರ ನನಗೆ ಓದಲು ಬರುತ್ತಿತ್ತು, ಕೈಬರಹ ಬರುತ್ತಿರಲಿಲ್ಲ. ಹಾಗಾಗಿ ಅಕ್ಕೋರು ಓದಿ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಹಿಮದಲ್ಲಿ ನಡೆದು ಅವನ ಪಾದ ಬಿರಿದ ಸಂಗತಿ ಬಂದಾಗ ಅವರು ಕನ್ನಡಕ ತೆಗೆದು, "ಈ ಹುಡುಗನಿಗೆ ಯಾರಾದರೂ ಒಂದು ಜೊತೆ ಉಣ್ಣೆ ಕಾಲುಚೀಲ ಕೊಡಬಾರದಿತ್ತಾ?" ಎಂದಿದ್ದರು.

ಒಂದು ಮಧ್ಯಾಹ್ನ ಓದುತ್ತಾ ಓದುತ್ತಾ ನಿಂತುಬಿಟ್ಟರು.

"ಇಲ್ಲಿಂದ ಮುಂದೆ ಶಾಯಿ ಹರಡಿದೆ. ಓದೋಕಾಗಲ್ಲ."

ಕಾಗದಗಳ ಫೋಟೋಗಳಿದ್ದ ನನ್ನ ಲ್ಯಾಪ್‌ಟಾಪಿನ ಪರದೆಯ ಮೇಲೆ ಅಕ್ಷರಗಳು ಸ್ಪಷ್ಟವಾಗಿದ್ದವು. ಅವರು ಎದ್ದು ಹೋಗಿ, ಹಾಕಿಯೇ ಇದ್ದ ಚಿಲಕವನ್ನು ಇನ್ನೊಮ್ಮೆ ಮುಟ್ಟಿ ನೋಡಿ ಬಂದರು.

ನಾನು ಆ ಪುಟವನ್ನು ಆಮ್‌ಸ್ಟರ್‌ಡ್ಯಾಮಿನ ಬೈಟನ್‌ವೆಲ್ಡರ್ಟ್ ಬಡಾವಣೆಯಲ್ಲಿದ್ದ, ಆ ಕೈಬರಹ ಓದಬಲ್ಲ ಇನ್ನೊಬ್ಬರಿಗೆ ಕಳಿಸಿದೆ. ಅಕ್ಕೋರಿಗೆ ತಿಳಿಸದೆ ಕಳಿಸಿದೆ, ಅದು ನನ್ನ ತಪ್ಪು. ಎರಡು ದಿನಕ್ಕೆ ಉತ್ತರ ಬಂತು. ಹಳ್ಳಿಯೊಂದರ ಶಾಲಾ ಮೇಷ್ಟರು ನಮ್ಮ ದಾರಿಯನ್ನು ಪೊಲೀಸರಿಗೆ ಹೇಳಿಕೊಟ್ಟಿದ್ದಾರೆ, ಅವರನ್ನು ಮುಗಿಸುವುದೆಂದು ತೀರ್ಮಾನವಾಗಿದೆ, ನಾನೂ ಇನ್ನೊಬ್ಬನೂ ಗುರುವಾರ ಹೋಗುತ್ತೇವೆ ಎಂದು ಯುವಕ ಬರೆದಿದ್ದ. ಜೊತೆಗೆ ಮೇಷ್ಟರ ಪೂರ್ತಿ ಹೆಸರು. ಆ ಮನೆತನದ ಹೆಸರನ್ನು ನಾನು ದಿನಾ ನೋಡುತ್ತಿದ್ದೆ. ಅಕ್ಕೋರ ಬಾಗಿಲ ಫಲಕದಲ್ಲಿ ಗಂಡನ ಹೆಸರಿನ ಪಕ್ಕ ಇದ್ದ ತವರಿನ ಹೆಸರು ಅದೇ. ಮೇಷ್ಟರಾಗಿದ್ದ ಅವರ ಅಜ್ಜ ಹಿಮಗಾಳಿಗೆ ಸಿಕ್ಕಿ ತೀರಿಕೊಂಡರೆಂದು ಅವರೇ ಹಿಂದೊಮ್ಮೆ ಹೇಳಿದ್ದರು.

ಕೆಳಗೆ ಹೋಗಿ ಎಲ್ಲ ಒಪ್ಪಿಕೊಂಡೆ. ಅವರು ಕುರ್ಚಿಯ ಅಂಚಿನಲ್ಲಿ ಕೂತರು.

"ಆ ಹೆಸರು ಬರೀತೀಯಾ?"

"ಗೊತ್ತಿಲ್ಲ ಅಕ್ಕೋರೇ."

"ಬರೀಬೇಡ. ನಮ್ಮ ಜನರ ಹಾಲ್‌ನಲ್ಲಿ ಗೋಡೆ ಮೇಲೆ ಆ ಕ್ರಾಂತಿಕಾರರ ಫೋಟೋ ಇದೆ. ವರ್ಷ ವರ್ಷ ನಾನೇ ಹೂ ಇಡ್ತೀನಿ. ಅಲ್ಲಿ ಆರ್ಮೇನಿಯನ್ ಅಂತ ಹೆದರಿಕೊಂಡು ಬದುಕಿದೆ. ಇಲ್ಲಿ ಚಾಡಿಕೋರನ ಮೊಮ್ಮಗಳು ಅಂತ ಹೆದರಬೇಕಾ? ಇನ್ನೆಲ್ಲಿಗೆ ಹೋಗಲಿ?"

ಬರೆಯುವುದಿಲ್ಲವೆಂದು ಮಾತು ಕೊಟ್ಟೆ. ಆದರೆ ಆಮೇಲೆ ನಾನು ಎಷ್ಟು ಕೂಗಿದರೂ ಅವರು ಬಾಗಿಲ ಕಿಂಡಿಯಿಂದ ಬಹಳ ಹೊತ್ತು ನೋಡಿಯೇ ತೆರೆಯುತ್ತಿದ್ದರು. ಅವರು ಯಾರಿಗೆಲ್ಲ ಹೆದರುತ್ತಿದ್ದರೋ ಅವರ ಸಾಲಿಗೆ ನಾನೂ ಸೇರಿಬಿಟ್ಟಿದ್ದೆ.

ಎರಡು ತಿಂಗಳ ಮೇಲೆ ಬೈಟನ್‌ವೆಲ್ಡರ್ಟ್‌ನವರಿಂದ ಕಟ್ಟಿನ ಕೊನೆಯ ಕಾಗದದ ಅನುವಾದ ಬಂತು. ಹೇಳಿಕೊಟ್ಟವನು ಮೇಷ್ಟರಲ್ಲ, ನಮ್ಮದೇ ಹೇಸರಗತ್ತೆ ಹೊಡೆಯುವವನು, ಈಗ ಗೊತ್ತಾಯಿತು ಎಂದು ಯುವಕ ಬರೆದಿದ್ದ. ಮೇಷ್ಟರು ಕೊನೆಯವರೆಗೂ ತಾನಲ್ಲ, ತಾನಲ್ಲ ಎಂದೇ ಹೇಳಿದರು, ನಾವು ನಂಬಲಿಲ್ಲ... ಇದನ್ನು ಯಾರಿಗೂ ಹೇಳಬೇಡ ತಂಗಿ, ನನಗೆ ಹೆದರಿಕೆಯಾಗುತ್ತದೆ.

ಮೆಟ್ಟಿಲನ್ನು ಓಡುತ್ತಲೇ ಇಳಿದೆ. ಅಕ್ಕೋರು ಮೂಲ ಕಾಗದವನ್ನೇ ಪರದೆಯ ಮೇಲೆ ತೆರೆಯಲು ಹೇಳಿದರು. ಒಮ್ಮೆ ಮನಸ್ಸಿನಲ್ಲೇ ಓದಿದರು. ಆಮೇಲೆ, ಕಿಟಕಿ ತೆರೆದಿದ್ದರೂ, ಕೆಳಗೆ ಬೀದಿಯಲ್ಲಿ ಜನ ಸೈಕಲ್ ನಿಲ್ಲಿಸುತ್ತಿದ್ದರೂ, ಗಟ್ಟಿ ದನಿಯಲ್ಲಿ ತಮ್ಮ ಭಾಷೆಯಲ್ಲೇ ಓದಿದರು. ಅವರಿಗೆ ಅಷ್ಟು ದೊಡ್ಡ ದನಿ ಇದೆಯೆಂದು ನನಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ.

"ಈಗ ಬರಿ. ನಮ್ಮಜ್ಜನ ಹೆಸರು ಪೂರ್ತಿ ಬರಿ."

"ಆ ಹುಡುಗನದು?"

ಅವರು ಪರದೆಯ ಮೇಲಿನ ಕೊನೆಯ ಸಾಲನ್ನು ಮತ್ತೊಮ್ಮೆ ನೋಡಿದರು. "ಅವನದೂ ಬರಿ. ಅವನೂ ಹೆದರಿದ್ದ ನೋಡು."

ಆಗಲಿ ಎಂದೆ. ವಿಶ್ವವಿದ್ಯಾಲಯದ ಸಣ್ಣ ವಿಚಾರಗೋಷ್ಠಿಯೊಂದರಲ್ಲಿ ಈ ಕಾಗದಗಳ ಬಗ್ಗೆ ಮಾತಾಡಿದೆ, ಇಬ್ಬರ ಹೆಸರನ್ನೂ ಹೇಳಿದೆ. ಮೂರನೇ ದಿನ ಸಹಿಯಿಲ್ಲದ ಇಮೇಲ್ ಬಂತು. ನಮ್ಮ ಹುತಾತ್ಮರ ಮೇಲೆ ಕೆಸರು ಎರಚಬೇಡ, ನೀನಿರುವ ಕಟ್ಟಡ ನಾವು ನೋಡಿದ್ದೇವೆ. ಅಷ್ಟೇ ಇತ್ತು. ಗೆಳತಿ ಅದನ್ನು ಓದಿ ಫೋನ್ ಪಕ್ಕಕ್ಕಿಟ್ಟಳು.

"ನಿಂಗ್ಯಾಕೇ ಬೇಕು ಇದೆಲ್ಲ? ಇಲ್ಲಿರೋ ಪರ್ಮಿಟ್ ರಿನ್ಯೂ ಆಗ್ಬೇಕು, ಥೀಸಿಸ್ ಮುಗೀಬೇಕು. ಆ ಹೆಸ್ರುಗಳ್ನ ತೆಗ್ದುಬಿಡು."

"ಅಕ್ಕೋರಿಗೆ ಮಾತು ಕೊಟ್ಟೇನವಾ."

"ಅವ್ರ್ ಬಂದು ಕಾಪಾಡ್ತಾರಾ ನಿನ್ನ? ಇಬ್ರೂ ಇದೇ ಮನೇಲಿರೋದು ಕಣೇ. ನಂಗೂ ಭಯ ಆಗತ್ತೆ."

ಪೊಲೀಸರು ದೂರು ಬರೆದುಕೊಂಡು, ಇನ್ನೊಂದು ಬಂದರೆ ತಿಳಿಸಿ ಎಂದರು. ಇನ್ನೊಂದು ಬರಲೇ ಇಲ್ಲ. ಬರುತ್ತದೆಂದು ನಾನು ಕಾಯುತ್ತಲೇ ಇದ್ದೆ. ಸೈಕಲ್ಲಿನ ಬೀಗ ತೆಗೆಯುವಾಗ ಬೆನ್ನ ಹಿಂದೆ ನೋಡಿಕೊಳ್ಳುವುದು ಅಭ್ಯಾಸವಾಯಿತು. ಬೆಲ್ ಆದರೆ ಬಾಗಿಲ ಹಿಂದೆ ಸದ್ದಿಲ್ಲದೆ ನಿಲ್ಲತೊಡಗಿದೆ. ಕೊನೆಗೊಂದು ಬೆಳಿಗ್ಗೆ ಇಡೀ ಅಧ್ಯಾಯದಲ್ಲಿ ಮೇಷ್ಟರ ಹೆಸರಿದ್ದಲ್ಲೆಲ್ಲ 'ಹಳ್ಳಿಯೊಂದರ ಶಾಲಾ ಮೇಷ್ಟರು' ಎಂದು, ಹುಡುಗನ ಹೆಸರಿದ್ದಲ್ಲೆಲ್ಲ 'ಒಬ್ಬ ಯುವಕ' ಎಂದು ತಿದ್ದಿದೆ. ಅರ್ಧ ಗಂಟೆಯೂ ಹಿಡಿಯಲಿಲ್ಲ.

ಅಚ್ಚಾದ ಪ್ರಬಂಧವನ್ನು ಅಕ್ಕೋರಿಗೆ ಕೊಟ್ಟಾಗ ಅವರು ಕನ್ನಡಕ ಹಾಕಿಕೊಂಡು ಆ ಅಧ್ಯಾಯ ತೆರೆದರು. ಸಾಲಿನಿಂದ ಸಾಲಿಗೆ ಬೆರಳು ಹೋಯಿತು. ಪುಟ ತಿರುಗಿಸಿದರು, ಮತ್ತೆ ಹಿಂದಕ್ಕೆ ಬಂದರು.

"ಎಲ್ಲಿದೆ?"

"ಅದು... ವಿಶ್ವವಿದ್ಯಾಲಯದ ನಿಯಮ, ಅಕ್ಕೋರೇ. ಹೆಸರು ಹಾಕೋ ಹಾಗಿಲ್ಲ."

ಅವರು ನನ್ನ ಮುಖವನ್ನೇ ನೋಡಿದರು. ಹೆದರಿಕೆಗೆ ಹೇಳುವ ಸುಳ್ಳು ಹೇಗಿರುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಪುಸ್ತಕ ಮುಚ್ಚಿ ನನ್ನ ಕೈ ತಟ್ಟಿದರು.

"ಹೌದು, ಹೌದು. ನಿಯಮ ಅಂದ್ಮೇಲೆ ಇರತ್ತೆ." ಎದ್ದು ಬ್ರೆಡ್ ತರಲು ಒಳಗೆ ಹೋದರು. ಬರಲು ಬಹಳ ಹೊತ್ತಾಯಿತು.

ನಾನು ಕೆಲಸ ಸಿಕ್ಕಿ ಐಂಡ್‌ಹೋವನ್ನಿಗೆ ಬಂದೆ. ಎರಡನೇ ಚಳಿಗಾಲದಲ್ಲಿ ಅವರ ಮಗಳು ಫೋನ್ ಮಾಡಿ ಅಮ್ಮ ಹೋದರು ಎಂದಳು. ಅಂತ್ಯಕ್ರಿಯೆಯ ದಿನ ಚರ್ಚಿನ ಕಡೆಯ ಸಾಲಿನಲ್ಲಿ ಕೂತಿದ್ದೆ. ಅಲ್ಲಿದ್ದವರಲ್ಲಿ ಆ ಇಮೇಲ್ ಬರೆದವರು ಯಾರಿರಬಹುದೆಂದು ಒಬ್ಬೊಬ್ಬರ ಮುಖ ನೋಡುತ್ತಿದ್ದೆ. ಅಕ್ಕೋರಿಗಾಗಿ ಅಳಲು ಹೋದವಳು ಮುಖ ಎಣಿಸಿ ಬಂದೆ.

ಈಗ ಪರ್ಮಿಟ್ಟಿನ ಚಿಂತೆ ಇಲ್ಲ, ಯಾರೂ ಬೆದರಿಸಿಲ್ಲ. ಇದನ್ನು ಬರೆಯಲು ಕೂತಾಗ ಮೊದಲು ಆ ಮೇಷ್ಟರ ಪೂರ್ತಿ ಹೆಸರನ್ನೇ ಟೈಪ್ ಮಾಡಿದೆ. ಕನ್ನಡದ ಅಕ್ಷರಗಳಲ್ಲಿ ಅದು ಚೆನ್ನಾಗಿ ಕಾಣುತ್ತಿತ್ತು. ಒಮ್ಮೆ ಮೆಲ್ಲಗೆ ಓದಿಕೊಂಡೆ. ಆಮೇಲೆ ಅಳಿಸಿದೆ. ಎಲ್ಲಿದೆ ಎಂದು ಸಾಲು ಸಾಲಿಗೆ ಬೆರಳಿಟ್ಟು ಹುಡುಕಲು ಈಗ ಅಕ್ಕೋರಿಲ್ಲ.