ತಟ್ಟೆಯ ಕೆಳಗಿನ ಕಲ್ಲಚ್ಚು

ಸ್ವೀಡನ್ನಿನ ವೆಸ್ಟೆರಾಸ್‌ ಊರಿನಲ್ಲಿ ಕನ್ನಡವನ್ನು ಮೊದಲು ಕಲ್ಲಚ್ಚಿನಲ್ಲಿ ಮುದ್ರಿಸಿದವರು ನಮ್ಮ ಪಕ್ಕದ ಮನೆಯ ಆಂಟಿ. ನುಣುಪಾದ ಕಲ್ಲಿನ ಮೇಲೆ ಜಿಡ್ಡಿನ ಶಾಯಿಯಿಂದ, ಕನ್ನಡಿಯಲ್ಲಿ ಕಂಡಂತೆ ಅಕ್ಷರಗಳನ್ನು ತಿರುವಿ ಬರೆಯುತ್ತಿದ್ದರು. ಆಗ ಯಾರು ಬಾಗಿಲು ಬಡಿದರೂ, "ಇರಪ್ಪ, ಒತ್ತಕ್ಷರ ಮುಗೀಲಿ" ಎನ್ನುತ್ತಿದ್ದರು.

ಒಮ್ಮೆ ನಮ್ಮ ಕನ್ನಡ ಕೂಟದ ಯುಗಾದಿಗೆ ಆಹ್ವಾನಪತ್ರಗಳನ್ನು ಹಾಗೆಯೇ ಅಚ್ಚು ಹಾಕಿಕೊಟ್ಟರು. ಹಬ್ಬದ ದಿನ ಆಂಟಿ ಹಾಲ್‌ಗೆ ಬಂದು ನೋಡಿದರೆ, ಆ ಹಾಳೆಗಳು ಊಟದ ತಟ್ಟೆಗಳ ಕೆಳಗಿದ್ದವು. ಒಂದರ ಮೇಲೆ ಸಾರು ಚೆಲ್ಲಿತ್ತು.

"ಇನ್ವಿಟೇಶನ್ ವಾಟ್ಸಾಪ್‌ನಲ್ಲೇ ಕಳಿಸಿಬಿಟ್ವಿ ಆಂಟಿ. ಇದು ವೇಸ್ಟ್ ಆಗ್ಬಾರ್ದು ಅಂತ ಹಾಸಿದ್ವಿ" ಎಂದ ಕೂಟದ ಕಾರ್ಯದರ್ಶಿ.

"ಒಳ್ಳೇದಾಯ್ತು" ಎಂದು ಅವರು ಅಲ್ಲೇ ಕೂತು ಊಟ ಮುಗಿಸಿದರು.

ಮರುದಿನ ಮರಳು ಹಾಕಿ ಕಲ್ಲನ್ನು ಉಜ್ಜಿ ಅಕ್ಷರಗಳನ್ನು ಅಳಿಸಿದರು. ಆಮೇಲೂ ಅದೇ ಕಲ್ಲಿನಿಂದ ಸ್ವೀಡಿಷರಿಗೆ ಬರ್ಚ್ ಮರಗಳ ಚಿತ್ರ ಮುದ್ರಿಸುತ್ತಿದ್ದರು. ಕನ್ನಡವನ್ನು ಮಾತ್ರ ಮತ್ತೆ ಮುಟ್ಟಲಿಲ್ಲ.